ದ್ವೀಪದಲ್ಲಿ ಒಲೆ ಹೂಡುವ ಮುನ್ನ

ಮನುಸ್ಮೃತಿಯ ಮೂರನೆಯ ಅಧ್ಯಾಯ ಅತಿಥಿಗೆ ಖಡಾಖಂಡಿತವಾದ ಒಂದು ಅಳತೆ ಹಾಕಿದೆ: ಒಂದು ರಾತ್ರಿ ತಂಗುವವನು ಅತಿಥಿ. ಅದೇ ಊರಿನವನಾದರೆ ಅಲ್ಲ. ಕಥೆ ಹೇಳಿಕೊಂಡು ಊಟಕ್ಕೆ ಕೂರುವವನೂ ಅಲ್ಲ. ಕಾಲೇಜಿನಲ್ಲಿ ಇದನ್ನು ಪಾಠ ಮಾಡುವಾಗ ಹುಡುಗರು ನಗುತ್ತಿದ್ದರು. ಮಲೆನಾಡಿನ ಮನೆಗೆ ಬಂದ ನೆಂಟರು ಮಳೆ ಹಿಡಿಯಿತೆಂದರೆ ಎಷ್ಟು ದಿನ ಏಳುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. 2023ರ ಆರಂಭದಲ್ಲಿ ಸಿಂಗಪುರದಲ್ಲಿರುವ ಮಗಳು "ಅಮ್ಮ, ಕೆಲಸ ಬದಲಾಯಿಸೋ ನಡುವೆ ಎರಡು ತಿಂಗಳು ಬಿಡುವಿದೆ. ಬಾಲಿಯಲ್ಲಿ ಇರೋಣ, ನೀನೂ ಬಾ" ಎಂದು ಕರೆದಾಗ ಆ ಅಳತೆ ನನ್ನ ಮೇಲೆಯೇ ಬಿತ್ತು. ಎರಡು ತಿಂಗಳು ತಂಗುವವಳು ಅತಿಥಿಯಲ್ಲ. ಊರವಳಂತೂ ಅಲ್ಲ. ಯಾತ್ರಿಕಳು ಎಂದುಕೊಳ್ಳೋಣವೆಂದರೆ ಮೊಮ್ಮಗಳಿಗೆ ಆಗಲೇ ಈಜುಡುಗೆ ಕೊಂಡಾಗಿತ್ತು. ಹಣ ಕೊಟ್ಟು ಇರುವವಳು, ಅಷ್ಟೇ. ಬಾಡಿಗೆ ಕಟ್ಟಿದ ಮೇಲೂ ಆ ಊರಿಗೆ ನಾನು ಕೊಡಬೇಕಾದ್ದು ಏನಾದರೂ ಉಳಿಯುತ್ತದೆಯೇ?

ನಮ್ಮ ಗ್ರಂಥಗಳು ಈ ವಿಷಯದಲ್ಲಿ ಮನೆಯವನ ಕಡೆಗೇ ಮುಖ ಮಾಡಿ ಮಾತಾಡುತ್ತವೆ. ಅತಿಥಿಯನ್ನು ದೇವರೆಂದು ಕಾಣು ಎಂದು ತೈತ್ತಿರೀಯ ಉಪನಿಷತ್ತು ಹೇಳುವುದು ಗೃಹಸ್ಥನಾಗಲಿರುವ ಶಿಷ್ಯನಿಗೆ. ಕಠೋಪನಿಷತ್ತಿನಲ್ಲಿ ನಚಿಕೇತ ಮೂರು ರಾತ್ರಿ ಉಪವಾಸ ಬಿದ್ದದ್ದಕ್ಕೆ ಅಂಜುವವನು ಮನೆಯ ಯಜಮಾನ, ಸಾಕ್ಷಾತ್ ಯಮ. ಬಂದವನು ಹೇಗಿರಬೇಕು ಎಂಬುದಕ್ಕೆ ಅಷ್ಟು ಮಾತಿಲ್ಲ. ಮನು ಮಾತ್ರ ಒಂದೆಡೆ ಗದರಿಸುತ್ತಾನೆ: ಪರರ ಮನೆಯ ಅಡುಗೆಯನ್ನೇ ನೆಚ್ಚಿಕೊಂಡು ತಿರುಗುವ ಗೃಹಸ್ಥರು ಮುಂದಿನ ಜನ್ಮದಲ್ಲಿ ಉಣಿಸಿದವರ ಮನೆಯ ದನವಾಗುತ್ತಾರಂತೆ. ಮೂರು ಹೊತ್ತೂ ಬಫೆ ಇರುವ ರೆಸಾರ್ಟಿನ ಚಿತ್ರಗಳನ್ನು ಮಗಳು ಕಳಿಸಿದಾಗ ನನಗೆ ನೆನಪಾದದ್ದು ಇದು.

ಬಾಲಿ ನಮ್ಮ ಶಿವಮೊಗ್ಗ ಜಿಲ್ಲೆಗಿಂತ ಚಿಕ್ಕದು. 2019ರಲ್ಲಿ ಅಲ್ಲಿಗೆ ಬಂದ ವಿದೇಶಿಯರೇ 60 ಲಕ್ಷಕ್ಕೂ ಹೆಚ್ಚು. ಎಲ್ಲಿ ಇರುವುದು ಎಂಬ ಮಗಳ ಪಟ್ಟಿಯಲ್ಲಿ ಮೂರು ಊರುಗಳಿದ್ದವು. ಚಂಗೂವಿನ ವಿಲ್ಲಾ: ಎತ್ತರದ ಗೋಡೆ, ಒಳಗೆ ನಮ್ಮದೇ ಈಜುಕೊಳ, ಹೊರಗೆ ಸ್ಕೂಟರುಗಳ ಸಂತೆ, ಅಲ್ಲಿಯ ಕಡಲು ಅಲೆಯ ಮೇಲೆ ಹಲಗೆ ಹಾಕಿ ಜಾರುವವರದ್ದು, ಐದು ವರ್ಷದ ಮಗುವಿನದಲ್ಲ. ಸಾನೂರ್: ಪೂರ್ವ ಕರಾವಳಿ, ಹವಳದ ದಂಡೆ ಅಲೆಗಳನ್ನು ದೂರದಲ್ಲೇ ತಡೆಯುವುದರಿಂದ ನೀರು ಕೆರೆಯ ಹಾಗೆ ತಣ್ಣಗೆ ನಿಂತಿರುತ್ತದೆ, ದಡದುದ್ದಕ್ಕೂ ಮಂಡಿನೋವಿನವರೂ ನಡೆಯಬಹುದಾದ ಹಾದಿ, ದೆನ್ಪಸಾರ್ ನಗರದ ಆಸ್ಪತ್ರೆಗಳು ಹತ್ತಿರ. ಮೂರನೆಯದು ಉಬುದ್‌ನ ಆಚೆಗಿನ ಒಂದು ಹಳ್ಳಿ: ಕಡಲಿಲ್ಲ, ಗದ್ದೆ ಇದೆ, ಬಾಲಿಯ ಕುಟುಂಬವೊಂದು ತನ್ನ ಮನೆಯ ಅಂಗಳದಲ್ಲೇ ಕಟ್ಟಿ ಬಾಡಿಗೆಗೆ ಕೊಡುವ ಎರಡು ಕೋಣೆ, ಒಂದು ಪುಟ್ಟ ಅಡುಗೆಮನೆ. ಪುಟ್ಟ ಮಕ್ಕಳೋ ಕಾಯಿಲೆಯ ಹಿರಿಯರೋ ಜೊತೆಗಿದ್ದರೆ ಸಾನೂರೇ ಸರಿ; ಅದರಲ್ಲಿ ಎರಡು ಮಾತಿಲ್ಲ. ಅಳಿಯನ ಮತವೂ ಅದೇ ಆಗಿತ್ತು. ನಾನು ಹಳ್ಳಿಯ ಮನೆಗೆ ಹಟ ಹಿಡಿದೆ. ನನ್ನ ಕಾರಣ ಶಾಸ್ತ್ರದ್ದೋ ಮೊಂಡುತನದ್ದೋ ಎಂದು ಅಳಿಯ ಇನ್ನೂ ಕೇಳುತ್ತಾನೆ.

ಸಮುದ್ರ ದಾಟುವುದರ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಊರಿನಲ್ಲಿ ಅದನ್ನೇ ಮೊದಲು ಕೇಳಿದರು. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪಾತಕಗಳ ಸಾಲಿನಲ್ಲಿ ಸೇರಿಸುತ್ತದೆ, ನಿಜ. ಆದರೆ ಅದೇ ಗ್ರಂಥ ಇನ್ನೊಂದೆಡೆ ಅದನ್ನು ಉತ್ತರದವರ ರೂಢಿಗಳ ಪಟ್ಟಿಯಲ್ಲೂ ಇಟ್ಟಿದೆ. ಉಣ್ಣೆ ಮಾರುವುದು, ಮದ್ಯ ಕುಡಿಯುವುದರ ಜೊತೆಗೆ. ದಕ್ಷಿಣದವರ ಪಾಲಿಗೆ ಬಂದ ರೂಢಿಗಳು ಬೇರೆ: ಹೆಂಡತಿಯ ಜೊತೆ ಕೂತು ಉಣ್ಣುವುದು, ಸೋದರಮಾವನ ಮಗಳನ್ನು ಮದುವೆಯಾಗುವುದು, ತಂಗಳು ತಿನ್ನುವುದು. ಆಯಾ ರೂಢಿ ಆಯಾ ದೇಶದಲ್ಲಿ ನಡೆಯುತ್ತದೆ, ಒಂದು ದೇಶದ್ದನ್ನು ಇನ್ನೊಂದರಲ್ಲಿ ಮಾಡಿದರೆ ದೋಷ ಎಂಬುದು ಅಲ್ಲಿಯ ವಾದ. ತಂಗಳಿನ ಮಾತು ಮುಂದೆ ನನ್ನ ಕೈಹಿಡಿಯಿತು, ಅಲ್ಲಿಗೆ ಬರುತ್ತೇನೆ. ಉಳಿದಂತೆ, ವಿಮಾನದಲ್ಲಿ ಕೂತವಳಿಗೆ ಸಮುದ್ರಕ್ಕಿಂತ ಕೆಟ್ಟ ಕಾಫಿಯ ಚಿಂತೆಯೇ ದೊಡ್ಡದು.

ಹಟಕ್ಕೆ ಕಾರಣ ನನ್ನ ತವರುಮನೆ. ತೀರ್ಥಹಳ್ಳಿಯ ಹತ್ತಿರ ತಮ್ಮ ತೋಟದ ಮನೆಯ ಒಂದು ಭಾಗವನ್ನು ಹೋಂಸ್ಟೇ ಮಾಡಿದ್ದಾನೆ. ಬರುವವರಲ್ಲಿ ಒಳ್ಳೆಯವರೇ ಹೆಚ್ಚು. ಆದರೂ ತೋಟದ ಅಂಚಿನ ಚೌಡಿಬನಕ್ಕೆ ಚಪ್ಪಲಿ ಹಾಕಿಕೊಂಡು ನುಗ್ಗಿ ಫೋಟೋ ತೆಗೆದುಕೊಳ್ಳುವವರಿದ್ದಾರೆ. ತಮ್ಮ ಏನೂ ಅನ್ನುವುದಿಲ್ಲ. "ದುಡ್ಡು ಕೊಟ್ಟಿದಾರಲ್ಲ ಅಕ್ಕ" ಎನ್ನುತ್ತಾನೆ. ಅವನು ದುಡ್ಡು ತೆಗೆದುಕೊಂಡದ್ದು ಮಂಚಕ್ಕೆ, ಕೊಟ್ಟೆ ಕಡುಬಿಗೆ. ಚೌಡಿಯ ಮೌನವನ್ನು ಅವನು ಮಾರಿರಲಿಲ್ಲ, ಅವರೂ ಕೊಂಡಿರಲಿಲ್ಲ. ಆದರೆ ಎರಡೂ ಕಡೆಯವರು ವ್ಯವಹಾರ ಮುಗಿಯಿತು ಎಂಬಂತೆ ನಡೆದುಕೊಳ್ಳುತ್ತಾರೆ. ಆತಿಥೇಯಳಾಗಿ ಇದನ್ನು ಕಂಡವಳಿಗೆ ಬಾಡಿಗೆದಾರಳಾಗಿ ಹೋಗುವ ಮುನ್ನ ಇಷ್ಟಾದರೂ ತಿಳಿದಿರಬೇಕು: ಒಬ್ಬರ ಮನೆಯಲ್ಲಿ ಬೆಲೆ ಕಟ್ಟಿದ ವಸ್ತುಗಳ ನಡುವೆ ಬೆಲೆ ಕಟ್ಟದವೂ ಇರುತ್ತವೆ, ಎರಡರ ನಡುವೆ ಬೇಲಿ ಇರುವುದಿಲ್ಲ.

ಬಾಲಿಯ ಮನೆ ಎಂದರೆ ಒಂದು ಕಟ್ಟಡವಲ್ಲ, ಗೋಡೆ ಸುತ್ತಿದ ಅಂಗಳದೊಳಗೆ ಬಿಡಿಬಿಡಿಯಾಗಿ ನಿಂತ ಮಂಟಪಗಳು. ಬಾಗಿಲು ದಾಟಿದೊಡನೆ ಎದುರಿಗೆ ಒಂದು ಅಡ್ಡಗೋಡೆ. ಕೆಟ್ಟದ್ದು ನೇರವಾಗಿ ಒಳಗೆ ಬರಬಾರದೆಂದು. ದಿಕ್ಕುಗಳ ಲೆಕ್ಕ ಆಗುಂಗ್ ಪರ್ವತದಿಂದ. ಪರ್ವತದ ಕಡೆ ಮೇಲು, ಕಡಲಿನ ಕಡೆ ಕೀಳು. ಪರ್ವತ ಮತ್ತು ಮೂಡಣ ಎರಡೂ ಕೂಡುವ ಮೂಲೆಯಲ್ಲಿ ಪಿತೃಗಳ, ದೇವತೆಗಳ ಗುಡಿಗಳು, ಅಡುಗೆಮನೆ ಕಡಲಿನ ಕಡೆಗೆ. ನಮ್ಮ ಕೋಣೆಯಲ್ಲಿ ಮೊದಲು ಬಂದ ತಕರಾರು ಮಂಚದ್ದು. ಅಲ್ಲಿ ತಲೆ ಪರ್ವತದ ಕಡೆ ಅಥವಾ ಮೂಡಣಕ್ಕೆ; ಕಾಲು ಪರ್ವತದತ್ತ ಚಾಚಿದರೆ ಅಪಚಾರ. ಆ ಹಳ್ಳಿಗೆ ಪರ್ವತವಿರುವುದು ಬಡಗಣ ದಿಕ್ಕಿನಲ್ಲಿ. ನಮ್ಮಲ್ಲಿ ಉತ್ತರಕ್ಕೆ ತಲೆ ಹಾಕಿಸುವುದು ಹೆಣವನ್ನು. ಮನೆಯೊಡತಿಯನ್ನು ಎಲ್ಲರಂತೆ ನಾನೂ ಇಬು ಎನ್ನುತ್ತಿದ್ದೆ. ಆಕೆಯ ಮಗನ ಇಂಗ್ಲಿಷು, ನನ್ನ ಕೈಸನ್ನೆ ಸೇರಿ ವಿಷಯ ತಿಳಿಸಿದಾಗ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಮಗನ ಕೈಯಲ್ಲಿ ಮಂಚ ತಿರುಗಿಸಿದರು. ಮೂಡಣ ದಿಕ್ಕು ಎರಡೂ ಧರ್ಮಶಾಸ್ತ್ರಗಳಿಗೆ ಒಪ್ಪಿಗೆ.

ಬೆಳಗಿನ ಅಡುಗೆ ಆದ ಕೂಡಲೇ, ಮನೆಯವರು ಯಾರೂ ಬಾಯಿಗೆ ತುತ್ತಿಡುವ ಮೊದಲು, ಇಬು ಬಾಳೆಲೆಯ ಚೂರುಗಳ ಮೇಲೆ ಚಿಟಿಕೆ ಅನ್ನ, ಒಂದಿಷ್ಟು ಉಪ್ಪು ಇಟ್ಟುಕೊಂಡು ಹೊರಡುತ್ತಿದ್ದರು. ಒಲೆಯ ಮೇಲೆ ಒಂದು, ನೀರಿನ ತಾವಿನಲ್ಲಿ ಒಂದು, ಅರೆಯುವ ಕಲ್ಲಿನ ಹತ್ತಿರ ಒಂದು, ಅಂಗಳದ ನೆಲಕ್ಕೆ ಒಂದು. ಅದಕ್ಕೆ ಸೈಬಾನ್ ಎನ್ನುತ್ತಾರೆ. ಮೊದಲ ದಿನ ಅದನ್ನು ನೋಡುತ್ತ ನಾನು ಜಗಲಿಯ ಕಂಬ ಹಿಡಿದು ನಿಂತುಬಿಟ್ಟೆ. ನನ್ನ ಅಪ್ಪ ಮಧ್ಯಾಹ್ನ ವೈಶ್ವದೇವ ಮುಗಿಸಿ ಬಲಿ ಹಾಕುತ್ತಿದ್ದರು. ಬಾಗಿಲಲ್ಲಿ ಇಂಥವರಿಗೆ, ನೀರಿನಲ್ಲಿ ಇಂಥವರಿಗೆ, ಒನಕೆ ಒರಳಿನ ಬಳಿ ವನಸ್ಪತಿಗಳಿಗೆ ಎಂದು ಮನು ಹೇಳಿದ ಸಾಲು ನಾನು ಪಾಠ ಮಾಡಿದ್ದು ಪುಸ್ತಕದಿಂದ. ಇಲ್ಲಿ ಒಬ್ಬ ಹೆಂಗಸು ಅದನ್ನು ಬರಿಗಾಲಲ್ಲಿ ನಡೆದು ಮುಗಿಸುತ್ತಿದ್ದರು.

ಈ ಬಲಿ ಏಕೆ ಎಂಬುದಕ್ಕೆ ಮನು ಕೊಡುವ ಕಾರಣ ನನ್ನ ಇಡೀ ಪ್ರಶ್ನೆಯ ಬೇರು. ಗೃಹಸ್ಥನ ಮನೆಯಲ್ಲಿ ಐದು ಕೊಲೆಯ ಜಾಗಗಳಿವೆ: ಒಲೆ, ಅರೆಯುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಉರಿಯುವಾಗ, ಅರೆಯುವಾಗ, ಗುಡಿಸುವಾಗ, ಕುಟ್ಟುವಾಗ, ಮೊಗೆಯುವಾಗ ಏನೋ ಒಂದು ಜೀವ ಸಾಯುತ್ತದೆ. ಕೆಟ್ಟವನ ಮನೆಯಲ್ಲಿ ಮಾತ್ರವಲ್ಲ, ಒಳ್ಳೆಯವನ ಮನೆಯಲ್ಲೂ. ವಾಸಿಸುವುದೇ ಹಿಂಸೆ. ಅದನ್ನು ತೀರಿಸಲು ದಿನಕ್ಕೆ ಐದು ಯಜ್ಞ: ದೇವರಿಗೆ, ಪಿತೃಗಳಿಗೆ, ಋಷಿಗಳಿಗೆ, ಭೂತಗಳಿಗೆ, ಮನುಷ್ಯರಿಗೆ. ಬಾಲಿಯವರಲ್ಲೂ ಇದೇ ಐದು ಹೆಸರಿನ ಯಜ್ಞಗಳಿವೆ. ಮನುಷ್ಯ ಯಜ್ಞ ಎಂದರೆ ನಮ್ಮ ಗ್ರಂಥಗಳಲ್ಲಿ ಅತಿಥಿಗೆ ಅನ್ನ ಹಾಕುವುದು. ಅವರಲ್ಲಿ ಅದು ಹುಟ್ಟಿನಿಂದ ಮದುವೆಯವರೆಗಿನ ಸಂಸ್ಕಾರಗಳು. ಮಗುವಿಗೆ 105 ದಿನ ತುಂಬಿದಾಗ ಮಾಡುವಂಥವು. ನನ್ನನ್ನು ಹುಡುಕಿಕೊಂಡು ಆ ಪಟ್ಟಿಯನ್ನು ನೋಡಿದೆ. ಅತಿಥಿಯ ಜಾಗದಲ್ಲಿ ಮನೆಯ ಮಗು ಕೂತಿತ್ತು. ನನಗೆ ಅದು ಸರಿಯೆನಿಸಿತು.

ಈಗ ವಿಲ್ಲಾ ಮತ್ತು ರೆಸಾರ್ಟಿನ ಮಾತಿಗೆ ಬರೋಣ. ಅಲ್ಲಿ ತಂಗುವವನಿಗೆ ಒಲೆಯಿಲ್ಲ, ಒರಳಿಲ್ಲ, ಪೊರಕೆಯನ್ನು ಅವನು ಮುಟ್ಟುವುದಿಲ್ಲ, ನೀರು ಮೊಗೆಯುವುದಿಲ್ಲ. ಐದೂ ಜಾಗಗಳು ಗೋಡೆಯ ಆಚೆ. ಹಾಗಾದರೆ ಅವನಿಗೆ ಹಿಂಸೆಯ ದೋಷವೂ ಇಲ್ಲವೇ? ಒಂದು ರಾತ್ರಿಯ ಅತಿಥಿಗೆ ಇಲ್ಲ ಎನ್ನಬಹುದು. ಆ ದಿನದ ಲೆಕ್ಕ ಮನೆಯವನದು, ಮನೆಯವನೇ ಬಲಿ ಹಾಕುತ್ತಾನೆ. ಎರಡು ತಿಂಗಳು ಇರುವವನು ಒಲೆ ಉರಿಸಿಯೇ ಉರಿಸುತ್ತಾನೆ, ಯಾರ ಕೈಯಿಂದಲಾದರೂ ಸರಿ. ಅವನ ಈಜುಕೊಳದ ನೀರು ಎಲ್ಲಿಂದಲೋ ಬಂದದ್ದು.

ಬಾಲಿಯಲ್ಲಿ ಆ 'ಎಲ್ಲಿಂದಲೋ' ಎಂಬುದಕ್ಕೆ ಹೆಸರಿದೆ, ದೇವಸ್ಥಾನವಿದೆ. ಗದ್ದೆಗಳಿಗೆ ನೀರು ಹಂಚುವ ರೈತರ ಸಂಘ ಸುಬಾಕ್. ಯಾವ ಗದ್ದೆಗೆ ಯಾವಾಗ ನೀರು, ಯಾವಾಗ ಒಣಗಲು ಬಿಡುವುದು ಎಂಬುದೆಲ್ಲ ನೀರಿನ ಗುಡಿಗಳ ಪೂಜೆಯ ಕ್ರಮದ ಜೊತೆ ಹೆಣೆದುಕೊಂಡಿದೆ. ಬಾತುರ್ ಸರೋವರದ ದೇವಿಯ ಗುಡಿ ಆ ಸಾಲಿನ ಮೇಲ್ತುದಿ. 1970ರ ದಶಕದ ಹಸಿರು ಕ್ರಾಂತಿಯ ಅಧಿಕಾರಿಗಳು ಈ ಪಾಳಿಯನ್ನು ಪಕ್ಕಕ್ಕಿಟ್ಟು ಬಿಡುವಿಲ್ಲದೆ ಬೆಳೆಯಿರಿ ಎಂದರು. ಕೀಟಗಳು ಮುತ್ತಿ ಬೆಳೆ ಹಾಳಾಯಿತು. ಎಲ್ಲರೂ ಒಟ್ಟಿಗೆ ಗದ್ದೆ ಒಣಗಿಸುವುದರಿಂದಲೇ ಕೀಟಗಳಿಗೆ ನೆಲೆ ತಪ್ಪುತ್ತಿತ್ತು ಎಂದು ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ತೋರಿಸಿಕೊಟ್ಟರು. 2012ರಲ್ಲಿ ಯುನೆಸ್ಕೊ ಸುಬಾಕ್ ಗದ್ದೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಕಾಲದಲ್ಲಿ ದಕ್ಷಿಣ ಬಾಲಿಯ ಗದ್ದೆಗಳು ಒಂದೊಂದಾಗಿ ವಿಲ್ಲಾ ಆಗುತ್ತಿದ್ದವು. ಸಾಲಿನ ನಡುವಿನ ಒಂದು ಗದ್ದೆಗೆ ಕಾಂಕ್ರೀಟ್ ಬಿದ್ದರೆ ಕೆಳಗಿನ ಗದ್ದೆಯ ಕಾಲುವೆ ಏನಾಗುತ್ತದೆ ಎಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ವಿಲ್ಲಾಗಳ ಜಾಹೀರಾತಿನಲ್ಲಿ 'ತ್ರಿ ಹಿತ ಕರಣ' ಎಂಬ ಮಾತು ತಪ್ಪದೆ ಇರುತ್ತದೆ: ದೇವರು, ಮನುಷ್ಯ, ನೆಲ, ಮೂರರೊಡನೆಯೂ ಹಿತವಾಗಿರುವುದು. 1960ರ ದಶಕದಲ್ಲಿ ಚಲಾವಣೆಗೆ ಬಂದ ಹೆಸರು ಅದು. ಆಚರಣೆ ಅದಕ್ಕಿಂತ ಬಹಳ ಹಳೆಯದು. ಸಾನೂರಿನಲ್ಲಿ 1966ರಲ್ಲಿ ಹತ್ತಂತಸ್ತಿನ ಹೋಟೆಲ್ ಎದ್ದ ಮೇಲೆ, ಇನ್ನು ಯಾವ ಕಟ್ಟಡವೂ ತೆಂಗಿನ ಮರದ ಎತ್ತರ ಮೀರಬಾರದು, 15 ಮೀಟರ್ ಮಿತಿ, ಎಂದು ಅಲ್ಲಿಯವರು ನಿಯಮ ಮಾಡಿಕೊಂಡರು. ಎತ್ತರಕ್ಕೆ ಹಾಕಿದ ಈ ಮಿತಿಯನ್ನು ಅಗಲಕ್ಕೆ ಹಾಕಲು ಅವರಿಂದ ಆಗಲಿಲ್ಲ.

"ಅತ್ತೆ, ರೆಸಾರ್ಟಿನಿಂದ ನೂರಾರು ಜನಕ್ಕೆ ಸಂಬಳ ಸಿಗುತ್ತೆ. ನಾವು ಹಳ್ಳಿ ಮನೆಯಲ್ಲಿದ್ದರೆ ಒಂದೇ ಕುಟುಂಬಕ್ಕೆ" ಎಂದ ಅಳಿಯ. ತಳ್ಳಿಹಾಕುವ ಮಾತಲ್ಲ. ಹಳ್ಳಿಮನೆಯೂ ನಿರ್ದೋಷಿಯಲ್ಲ. ನಮ್ಮ ಪಕ್ಕದ ಮನೆಯವರು ಪ್ರವಾಸಿಗರಿಗಾಗಿ ಮಹಡಿ ಎಬ್ಬಿಸಿದ್ದರು. ಅದರ ಬಾಲ್ಕನಿಯಲ್ಲಿ ಕೂತವರ ಪಾದ ಮನೆಯ ಗುಡಿಗಿಂತ ಮೇಲೆ. ಗುಡಿಗಿಂತ ಎತ್ತರದಲ್ಲಿ ಯಾರೂ ಕೂರಬಾರದೆನ್ನುವ ಊರಿನಲ್ಲಿ ಅದನ್ನು ಕಟ್ಟಿದವರಿಗೆ ಏನನ್ನಿಸಿರಬೇಕು? ನಾವು ನೆಲದ ಕೋಣೆ ಕೇಳಿ ಹಿಡಿದೆವು, ಅದಕ್ಕೆ ನನ್ನ ಮಂಡಿಯೂ ಒಂದು ನೆಪವಾಯಿತು. ಅಳಿಯನಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಸಂಬಳದವರು 'ಬೇಡ' ಎನ್ನಲಾರರು. ಇಬು ಅನ್ನಬಲ್ಲರು. ಬಾಲಿಯವರು ಒಗೆದ ಒಳಬಟ್ಟೆ ನೇತುಹಾಕಿದ ತಂತಿಯ ಕೆಳಗೆ ಹಾಯುವುದಿಲ್ಲ. ನಮ್ಮ ಬಟ್ಟೆ ಎತ್ತರದಲ್ಲಿ ಒಣಗುತ್ತಿದ್ದುದನ್ನು ಕಂಡು ಆಕೆ ಮಾತಾಡದೆ ಇಳಿಸಿ, ಸೊಂಟದೆತ್ತರದ ತಂತಿಗೆ ಹಾಕಿದರು. ರೆಸಾರ್ಟಿನಲ್ಲಾದರೆ ಅದನ್ನು ಮಡಚಿ, ಮೇಲೊಂದು ಹೂವಿಟ್ಟು ಮಂಚದ ಮೇಲೆ ಇಡುತ್ತಿದ್ದರು. ಅದರಿಂದ ನನಗೆ ಏನು ತಿಳಿಯುತ್ತಿತ್ತು?

ಆ ವರ್ಷದ ಯುಗಾದಿ ಮಾರ್ಚ್ 22, ಬುಧವಾರ. ಶೋಭಕೃತ್ ಸಂವತ್ಸರ, ಶಾಲಿವಾಹನ ಶಕೆ 1945. ಬಾಲಿಯವರೂ ಎಣಿಸುವುದು ಶಕ ವರ್ಷವನ್ನೇ, ಅವರಿಗೂ ಅಂದು 1945ರ ಮೊದಲ ದಿನ. ಒಂದೇ ಶಕೆ, ಒಂದೇ ಪಾಡ್ಯ. ಆದರೆ ನಮ್ಮ ಹೊಸ ವರ್ಷ ಹುಟ್ಟುವುದು ಎಣ್ಣೆ ಸ್ನಾನ, ದೀಪ, ಹೋಳಿಗೆಯಿಂದ; ಅವರದು ಹುಟ್ಟುವುದು ನ್ಯೆಪಿಯಿಂದ. ಬೆಳಗಿನ ಆರರಿಂದ ಮರುದಿನ ಆರರವರೆಗೆ ನಾಲ್ಕು ವ್ರತ: ಬೆಂಕಿ ಇಲ್ಲ, ಕೆಲಸ ಇಲ್ಲ, ಓಡಾಟ ಇಲ್ಲ, ಮನರಂಜನೆ ಇಲ್ಲ. ವಿಮಾನ ನಿಲ್ದಾಣ 24 ಗಂಟೆ ಮುಚ್ಚುತ್ತದೆ. 2018ರಿಂದ ಮೊಬೈಲ್ ಇಂಟರ್ನೆಟ್ಟೂ ನಿಲ್ಲುತ್ತದೆ. ಚೌಕಳಿ ಬಟ್ಟೆ ಸುತ್ತಿದ ಪೆಚಲಾಂಗ್ ಎಂಬ ಊರ ಕಾವಲುಗಾರರು ಮಾತ್ರ ಬೀದಿಯಲ್ಲಿರುತ್ತಾರೆ. ಆಸ್ಪತ್ರೆಗಳು ನಡೆಯುತ್ತವೆ, ಬಾಣಂತಿಗೂ ರೋಗಿಗೂ ವಿನಾಯಿತಿ ಇದೆ. ಪ್ರವಾಸಿಗೆ ಇಲ್ಲ. ಆ ವರ್ಷವೇ ನ್ಯೆಪಿಯ ದಿನ ಕಡಲ ದಂಡೆಯಲ್ಲಿ ಡೇರೆ ಹಾಕಿಕೊಂಡು ಒಳಗೆ ಹೋಗಲೊಪ್ಪದ ಪೋಲೆಂಡಿನ ಇಬ್ಬರನ್ನು ದೇಶದಿಂದಲೇ ಕಳಿಸಿದರು.

ನನ್ನ ಇಕ್ಕಟ್ಟು ನೋಡಿ. ವರ್ಷದ ಮೊದಲ ದಿನ ದೇವರ ಮುಂದೆ ದೀಪ ಹಚ್ಚದಿರುವುದು ನನ್ನ ತಲೆಮಾರಿನವಳಿಗೆ ಊಹೆಗೂ ಮೀರಿದ್ದು. ಅದೇ ದಿನ ಆ ಅಂಗಳದಲ್ಲಿ ಒಂದು ಕಿಡಿ ಕಂಡರೂ ಅವರ ವ್ರತಕ್ಕೆ ಭಂಗ. ಮಗಳು "ಕೋಣೆ ಬಾಗಿಲು ಹಾಕ್ಕೊಂಡು ಹಚ್ಚು, ಯಾರಿಗೆ ಕಾಣುತ್ತೆ?" ಎಂದಳು. ಬೌಧಾಯನನ ಪ್ರಕಾರ ನನ್ನ ಆಚಾರ ನನ್ನ ದೇಶದಲ್ಲಿ ಸಲ್ಲುತ್ತದೆ. ಬಾಡಿಗೆಗೆ ಹಿಡಿದ ಕೋಣೆ ಯಾರ ದೇಶ? ಎರಡು ತಿಂಗಳ ಹಣ ಕೊಟ್ಟಿದ್ದೇವೆ, ಬೀಗದ ಕೈ ನಮ್ಮಲ್ಲಿದೆ, ಒಳಗೆ ನನ್ನ ಸಾಲಿಗ್ರಾಮದ ಸಂಪುಟವಿದೆ. ಅದು ತೀರ್ಥಹಳ್ಳಿಯ ಒಂದು ತುಣುಕು ಎಂದು ವಾದಿಸಬಹುದು. ಆದರೆ ಆ ಕೋಣೆಯ ಹೊಸ್ತಿಲಿಗೆ ಇಬು ದಿನಾ ಚನಂಗ್ ಎಂಬ ಪುಟ್ಟ ಹೂವಿನ ಕಾಣಿಕೆ ಇಡುತ್ತಿದ್ದರು. ನಾವು ಬರುವ ಮೊದಲೂ ಇಟ್ಟಿದ್ದರು, ನಾವು ಹೋದ ಮೇಲೂ ಇಡುವವರು. ಒಂದು ಜಾಗದ ಭೂತಗಳಿಗೆ ದಿನಾ ಅನ್ನ ಹಾಕುವವರು ಯಾರೋ ಅದು ಅವರ ದೇಶ. ಬೀಗದ ಕೈ ಯಾರ ಹತ್ತಿರ ಇದ್ದರೇನು? ಈ ತೀರ್ಮಾನಕ್ಕೆ ನನ್ನಲ್ಲಿ ಶಾಸ್ತ್ರವಾಕ್ಯದ ಆಧಾರವಿಲ್ಲ. ಆದರೂ ಇದರ ಮೇಲೆ ನಿಲ್ಲುತ್ತೇನೆ.

ಹಿಂದಿನ ದಿನವೇ ಸಿಂಗಪುರದಿಂದ ತಂದ ತೊಗರಿಬೇಳೆಗೆ ಅಲ್ಲಿಯ ತಾಳೆಬೆಲ್ಲ ಬೆರೆಸಿ ಹೂರಣ ಮಾಡಿ ಹೋಳಿಗೆ ಬೇಯಿಸಿಟ್ಟೆ. ಬೇವಿಗೆ ಅಲೆಯಬೇಕಾಗಲಿಲ್ಲ. ಬಾಲಿಯಲ್ಲಿ ಬೇವಿಗೆ ಇಂತಾರಾನ್ ಎನ್ನುತ್ತಾರೆ, ಸಾನೂರಿನಲ್ಲಿ ಆ ಹೆಸರಿನ ಹಳ್ಳಿಯೇ ಇದೆ. ಕಡಲಿಗೆ ಹೋದಾಗ ಕೇಳಿ ಒಂದು ಎಸಳು ತಂದಿದ್ದೆವು. ಹಿಂದಿನ ಸಂಜೆ ಊರೆಲ್ಲ ಗದ್ದಲ: ಓಗೋ ಓಗೋ ಎಂಬ ಕೋರೆಹಲ್ಲಿನ ದೈತ್ಯ ಬೊಂಬೆಗಳ ಮೆರವಣಿಗೆ, ಮನೆಮನೆಯಲ್ಲೂ ಪಾತ್ರೆ ಬಡಿದು, ಪಂಜು ಹಿಡಿದು ಮೂಲೆಮೂಲೆಯ ಭೂತಗಳನ್ನು ಎಬ್ಬಿಸುವುದು. ಮೊಮ್ಮಗಳು ಒಂದು ತಟ್ಟೆ ಜಜ್ಜಿಯೇ ಬಿಟ್ಟಳು. ಬೆಳಗಿನ ಜಾವ ಎದ್ದು ಎಣ್ಣೆ ಸ್ನಾನ ಮುಗಿಸಿ, ದೀಪಕ್ಕೆ ಎಂದಿನಂತೆ ತುಂಬ ಎಣ್ಣೆ ಹೊಯ್ಯದೆ ಎರಡೇ ಚಮಚ ಹಾಕಿದೆ. ದೀಪವನ್ನು ಊದಿ ಆರಿಸಬಾರದು, ಆದರೆ ಎಣ್ಣೆ ತೀರಿ ತಾನೇ ಶಾಂತವಾದರೆ ದೋಷವಿಲ್ಲ. ಆರು ಗಂಟೆಗೆ ಮೊದಲೇ ಅದು ಶಾಂತವಾಯಿತು. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಪಾಡ್ಯದ ಸೂರ್ಯೋದಯಕ್ಕೆ ಮುಂಚಿನ ದೀಪ ಯುಗಾದಿಯ ಲೆಕ್ಕಕ್ಕೆ ಸೇರುತ್ತದೆಯೇ ಎಂದು ನಮ್ಮ ಪುರೋಹಿತರು ಕೇಳಿದರೆ ನಾನು ಉತ್ತರಿಸುವುದಿಲ್ಲ.

ಆಮೇಲೆ ಹಗಲಿಡೀ ತಂಗಳು. ಬೌಧಾಯನ ದಕ್ಷಿಣದವರಿಗೆ ಬಿಟ್ಟುಕೊಟ್ಟ ರೂಢಿ, ಬಾಲಿಯಲ್ಲಿ ಅಂದು ಎಲ್ಲರಿಗೂ. ಪಂಚಾಂಗವನ್ನು ಪಿಸುಮಾತಿನಲ್ಲಿ ಓದಿದೆ. ಯಾಕೆ ಎಲ್ಲರೂ ಸುಮ್ಮನಿದ್ದಾರೆ ಎಂದು ಮಗು ಕೇಳಿದಾಗ ಇಬುವಿನ ಮಗ ಹೇಳಿದ ಕಥೆಯನ್ನೇ ಹೇಳಿದೆವು: ನಿನ್ನೆ ಎಬ್ಬಿಸಿದ ಭೂತಗಳು ಇವತ್ತು ಬಂದು ನೋಡುತ್ತವೆ, ದ್ವೀಪದಲ್ಲಿ ಯಾರೂ ಇಲ್ಲ ಎಂದುಕೊಂಡು ಹೊರಟುಹೋಗುತ್ತವೆ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕಿದ ರಾಜ್ಯದವಳಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಆದರೆ ನನಗೆ ಅಂದು ಹೊಳೆದದ್ದು ಬೇರೆ. ಒಲೆ ತಣ್ಣಗಿದೆ, ಅರೆಯುವ ಕಲ್ಲು ಒಣಗಿದೆ, ಪೊರಕೆ ಮೂಲೆಯಲ್ಲಿದೆ, ಒರಳು ಖಾಲಿ. ಐದು ಜಾಗಗಳಲ್ಲಿ ನಾಲ್ಕು ಒಂದು ದಿನದ ಮಟ್ಟಿಗೆ ನಿಂತಿವೆ, ಒಂದು ಮನೆಯಲ್ಲಲ್ಲ, 40 ಲಕ್ಷಕ್ಕೂ ಹೆಚ್ಚು ಜನರಿರುವ ಇಡೀ ದ್ವೀಪದಲ್ಲಿ. ಮನುವಿನ ಗೃಹಸ್ಥ ದಿನಾ ಕೊಂದು ದಿನಾ ಬಲಿ ಹಾಕಿ ಲೆಕ್ಕ ಸರಿದೂಗಿಸುತ್ತಾನೆ. ಇವರು ಅದನ್ನೂ ಮಾಡಿ, ವರ್ಷಕ್ಕೊಮ್ಮೆ ಲೆಕ್ಕದ ಪುಸ್ತಕವನ್ನೇ ಮುಚ್ಚಿಡುತ್ತಾರೆ. ದೊಡ್ಡ ಹೋಟೆಲುಗಳಲ್ಲಿ ಅಂದು 'ನ್ಯೆಪಿ ಪ್ಯಾಕೇಜ್' ಇರುತ್ತದೆ: ಪರದೆ ಎಳೆದು, ಒಳಗೆ ಬಿಸಿ ಊಟ. ಕಾನೂನಿಗೆ ಅದು ಸಾಕು. ಆದರೆ ಒಲೆ ಉರಿಯುತ್ತಿರುತ್ತದೆ, ಅದನ್ನು ಉರಿಸುವವರಲ್ಲಿ ಅಂದು ಮನೆಯಲ್ಲಿ ವ್ರತ ಹಿಡಿಯಬೇಕಾದವರೂ ಇರುತ್ತಾರೆ.

ವೀಸಾ ವಿಸ್ತರಿಸಿದ ಮೇಲೆ ಇನ್ನೊಂದು ಪರೀಕ್ಷೆ ಬಂತು. ಊರಿನಿಂದ ಫೋನ್, ನನ್ನ ಯಜಮಾನರ ದಾಯಾದಿಯೊಬ್ಬರು ತೀರಿಕೊಂಡರೆಂದು. ನನಗೆ ಹತ್ತು ದಿನ ಸೂತಕ. ಬಾಲಿಯಲ್ಲೂ ಸಾವಿನ ಮೈಲಿಗೆ ಇದೆ, ಚುಂತಕ ಎನ್ನುತ್ತಾರೆ, ಗುಡಿಯ ಬಾಗಿಲಲ್ಲೇ ಬರೆದು ಹಾಕಿರುತ್ತಾರೆ. ಮುಟ್ಟಾದ ಹೆಂಗಸರನ್ನೂ ಅದೇ ಫಲಕದಲ್ಲಿ ಸೇರಿಸಿದ್ದಾರೆ. ಅದರ ಬಗ್ಗೆ ಮಗಳು ಸಿಡುಕಿದಳು, ಅವಳ ಸಿಡುಕು ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ. ಇರಲಿ. ನನ್ನ ಸೂತಕವನ್ನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅತಿಥಿ ಮುಚ್ಚಿಡಬಹುದು, ನಾಳೆ ಎದ್ದು ಹೋಗುತ್ತಾನೆ. ನಾನು ಹೇಳಿದೆ. ಇಬು ಸ್ವಲ್ಪ ಯೋಚಿಸಿ, ಗುಡಿಯ ಮೂಲೆಗೆ ಬರಬೇಡಿ, ಚನಂಗ್ ಹೆಣೆಯಲು ಕೈಹಾಕಬೇಡಿ, ಉಳಿದದ್ದಕ್ಕೆ ಅಡ್ಡಿಯಿಲ್ಲ ಎಂದರು. ಸಂಜೆ ನನಗಾಗಿ ಒಂದು ತಟ್ಟೆ ಮರಗೆಣಸು ಬೇಯಿಸಿ ಕಳಿಸಿದರು. ಅಷ್ಟು ದಿನ ಅವರು ನನ್ನಿಂದ ಹಣ ಪಡೆಯದೆ ಏನನ್ನೂ ಕೊಟ್ಟಿರಲಿಲ್ಲ, ನಾನು ನಿರೀಕ್ಷಿಸಿಯೂ ಇರಲಿಲ್ಲ. ಸಾವಿನ ಮನೆಗೆ ನೆರೆಯವರು ಅಡುಗೆ ಕಳಿಸುವುದು ನಮ್ಮಲ್ಲೂ ರೂಢಿ.

ದೀರ್ಘ ವಾಸಕ್ಕೆ ನಮ್ಮ ಪರಂಪರೆಯಲ್ಲಿ ಮಾದರಿಯೇ ಇಲ್ಲವೇ ಎಂದರೆ, ಇದೆ, ಆದರೆ ಅದು ಗೃಹಸ್ಥನದಲ್ಲ. ಊರಿಂದೂರಿಗೆ ನಡೆಯಬೇಕಾದ ಸನ್ಯಾಸಿ ಮಳೆಗಾಲದಲ್ಲಿ ಮಾತ್ರ ಒಂದೆಡೆ ನಿಲ್ಲುತ್ತಾನೆ. ಚಾತುರ್ಮಾಸ್ಯ ಎಂದು ಹೆಸರು, ನಾಲ್ಕು ಪಕ್ಷಗಳೇ ನಾಲ್ಕು ತಿಂಗಳು ಎಂಬ ಲೆಕ್ಕದಲ್ಲಿ ನಮ್ಮ ಮಠಗಳಲ್ಲಿ ಹೆಚ್ಚಾಗಿ ಎರಡೇ ತಿಂಗಳು ನಡೆಯುತ್ತದೆ. ಜೈನ ಮುನಿಗಳಿಗೂ, ಬೌದ್ಧ ಭಿಕ್ಷುಗಳಿಗೂ ಇಂಥದೇ ವರ್ಷಾವಾಸವಿದೆ. ನಿಲ್ಲುವ ಕಾರಣ ವಿಶ್ರಾಂತಿಯಲ್ಲ. ಮಳೆಗೆ ನೆಲದಿಂದ ಹೊರಬರುವ ಹುಳುಹುಪ್ಪಟೆ, ಮೊಳಕೆ ನಡೆದವನ ಕಾಲಿಗೆ ಸಿಕ್ಕಬಾರದು. ಎಲ್ಲಿ ನನಗೆ ಹಿತ ಎಂದು ಅವನು ಕೇಳುವುದಿಲ್ಲ, ಎಲ್ಲಿದ್ದರೆ ಕಡಿಮೆ ತುಳಿಯುತ್ತೇನೆ ಎಂದು ಕೇಳುತ್ತಾನೆ. ಈಜುಡುಗೆ, ಲ್ಯಾಪ್‌ಟಾಪು, ಹೋಳಿಗೆಯ ಹೂರಣದ ಸಮೇತ ಹೊರಡುವ ಸಂಸಾರಸ್ಥರು ಸನ್ಯಾಸಿಗಳಾಗಬೇಕಿಲ್ಲ. ಆದರೆ ಕೋಣೆ ಕಾಯ್ದಿರಿಸುವ ಮೊದಲು ಆ ಎರಡನೆಯ ಪ್ರಶ್ನೆಯನ್ನು ಅವರೂ ಕೇಳಬಹುದು.

ಕೇಳುವವರಿಗೆ ನನ್ನ ಸಲಹೆ: ಬಾಲಿಗೇ ಆಗಲಿ, ಬೇರೆ ದ್ವೀಪಕ್ಕೇ ಆಗಲಿ, ತಿಂಗಳುಗಟ್ಟಲೆ ಹೋಗುವುದಾದರೆ ಆಸ್ಪತ್ರೆ, ಕಡಲಿನ ಸೆಳೆತ, ನಾಯಿಗಳು, ಮಳೆಯ ತಿಂಗಳು ಇವನ್ನೆಲ್ಲ ವಿಚಾರಿಸಿ. ಬಾಲಿಯಲ್ಲಿ ರೇಬೀಸ್ ಇದೆ, ಮಕ್ಕಳಿಗೆ ಲಸಿಕೆ ಹಾಕಿಸಿಕೊಂಡು ಹೋಗಿ. ಸಸ್ಯಾಹಾರಿಗಳು ಸಾಂಬಾಲ್ ಚಟ್ನಿಯಲ್ಲಿ ಸಿಗಡಿ ಇದೆಯೇ ಎಂದು ಕೇಳದೆ ತಿನ್ನಬೇಡಿ. ಆಮೇಲೆ ಮನೆಯವರಿಗೇ ಫೋನ್ ಮಾಡಿ ಮೂರು ಮಾತು ಕೇಳಿ: ನೀರು ಎಲ್ಲಿಂದ ಬರುತ್ತದೆ, ನಮ್ಮ ಕೋಣೆ ಗುಡಿಗಿಂತ ಮೇಲಿದೆಯೋ ಕೆಳಗೋ, ಇಲ್ಲಿ ನಾವು ಏನು ಮಾಡಬಾರದು. ಮೂರನೆಯದಕ್ಕೆ 'ನಿಮ್ಮಿಷ್ಟ, ಏನು ಬೇಕಾದರೂ ಮಾಡಿ' ಎಂಬ ಉತ್ತರ ಬಂದರೆ ಬೇರೆ ಮನೆ ನೋಡಿ.